ಜೂನ್ 28ರ ಗೆರೆ: ಬ್ರಿಟನ್ನಿನಲ್ಲಿ ಆಶ್ರಯ ಅರ್ಜಿಗಳ ಬಾಕಿ ‘ವಿಲೇವಾರಿ’ಯಾದ ಬಗೆ

2024ರ ಜನವರಿ 2ರಂದು ಬ್ರಿಟನ್ನಿನ ಗೃಹ ಇಲಾಖೆ ಆಶ್ರಯ ಅರ್ಜಿಗಳ, ಅಂದರೆ ತಾಯ್ನಾಡಿನಲ್ಲಿ ಜೀವಭಯವಿದೆ, ಇಲ್ಲಿರಲು ಬಿಡಿ ಎಂದು ಹೊರದೇಶದವರು ಹಾಕುವ ಅರ್ಜಿಗಳ, ಹಳೆಯ ಬಾಕಿ ತೀರಿತೆಂದು ಪ್ರಕಟಿಸಿತು. ಪ್ರಧಾನಿ ರಿಷಿ ಸುನಕ್ ಸಂಸತ್ತಿಗೆ ಕೊಟ್ಟಿದ್ದ ಮಾತನ್ನು ಉಳಿಸಿಕೊಂಡರು ಎಂಬ ಸಂದೇಶ ಸಾಮಾಜಿಕ ಜಾಲತಾಣಗಳಿಗೆ ಹೋಯಿತು. ಅದೇ ಇಲಾಖೆಯ ವರ್ಷಾಂತ್ಯದ ಅಂಕಿಅಂಶಗಳಲ್ಲಿ ಇನ್ನೊಂದು ಲೆಕ್ಕವಿತ್ತು: ಮೊದಲ ತೀರ್ಮಾನಕ್ಕಾಗಿ ಕಾದಿದ್ದ ಅರ್ಜಿಗಳು 95 ಸಾವಿರಕ್ಕೂ ಹೆಚ್ಚು, ಆ ಅರ್ಜಿಗಳಲ್ಲಿ ಹೆಸರಿದ್ದ ಜನ 1,28,786.

ಎರಡೂ ಲೆಕ್ಕಗಳು ಒಂದೇ ಕಚೇರಿಯಿಂದ ಬಂದವು. ಎರಡೂ ತಮ್ಮ ತಮ್ಮ ಅರ್ಥದಲ್ಲಿ ಸರಿಯೇ. ನಡುವೆ ಇದ್ದದ್ದು ಒಂದು ದಿನಾಂಕ, 2022ರ ಜೂನ್ 28. ಆ ದಿನಕ್ಕಿಂತ ಮೊದಲು ಬಂದ ಅರ್ಜಿ ‘ಹಳೆಯ ಬಾಕಿ’, ಅಂದಿನಿಂದ ಬಂದದ್ದು ಬೇರೆ. ತೀರಿದ್ದು ಆ ಗೆರೆಗಿಂತ ಹಿಂದಿನದು ಮಾತ್ರ, ಅದೂ ಪೂರ್ತಿಯಾಗಿ ಅಲ್ಲ.

ಸರ್ಕಾರವೊಂದು ತಾನೇ ಹಾಕಿಕೊಂಡ ಗಡುವನ್ನು ಹೇಗೆ ಮುಟ್ಟುತ್ತದೆ, ಮುಟ್ಟುವ ಭರದಲ್ಲಿ ಏನನ್ನು ಎಣಿಸುತ್ತದೆ, ಏನನ್ನು ಎಣಿಕೆಯಿಂದ ಹೊರಗಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ. ಅದನ್ನು ಅರ್ಥಮಾಡಿಕೊಳ್ಳಲು ಮೂವರನ್ನು ಊಹಿಸಿಕೊಳ್ಳೋಣ. ಮೂವರೂ ಅಫ್ಘಾನಿಸ್ತಾನದವರು, ಒಂದೇ ಊರಿನವರು, 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದ ಮೇಲೆ ಹೊರಟವರು. ಮೊದಲನೆಯವನು ಅರ್ಜಿ ಹಾಕಿದ್ದು 2022ರ ಜೂನ್ 27ರಂದು. ಎರಡನೆಯವನು ಮರುದಿನ, ಜೂನ್ 28ರಂದು. ಮೂರನೆಯವನು ಸಣ್ಣ ರಬ್ಬರ್ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದದ್ದು 2023ರ ಆಗಸ್ಟ್‌ನಲ್ಲಿ. ಮೂವರೂ ಕಲ್ಪನೆಯವರು. ಅವರ ಮೇಲೆ ಬಿದ್ದ ನಿಯಮಗಳು ಮತ್ತು ದಿನಾಂಕಗಳು ನಿಜವಾದವು.

ಆಶ್ರಯ ಕೋರುವ ಪ್ರಕ್ರಿಯೆ ನಮ್ಮ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ಅದಕ್ಕೆಂದೇ ಒಂದು ಕಾಯ್ದೆಯೂ ಇಲ್ಲ. ಬ್ರಿಟನ್ನಿನಲ್ಲಿ ದಾರಿ ಹೀಗಿದೆ. ದೇಶದೊಳಗೆ ಬಂದವರು ಸಾಮಾನ್ಯವಾಗಿ ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನ ಲೂನಾರ್ ಹೌಸ್ ಕಟ್ಟಡದಲ್ಲಿ ಹೆಸರು ನೋಂದಾಯಿಸುತ್ತಾರೆ. ಬೆರಳಚ್ಚು, ಭಾವಚಿತ್ರ, ಬಂದ ದಾರಿಯ ಬಗ್ಗೆ ಚಿಕ್ಕ ಪ್ರಾಥಮಿಕ ಸಂದರ್ಶನ, ಕೈಗೊಂದು ಗುರುತಿನ ಕಾರ್ಡು. ಆಮೇಲೆ ಮುಖ್ಯ ಸಂದರ್ಶನಕ್ಕೆ ಕರೆ ಬರಬೇಕು. ಊರಿನಲ್ಲಿ ಏನಾಯಿತು, ಯಾರು ಬೆದರಿಸಿದರು, ಯಾವ ತಿಂಗಳಲ್ಲಿ, ಆಗ ಯಾರು ಜೊತೆಗಿದ್ದರು ಎಂದು ದುಭಾಷಿಯ ಮೂಲಕ ಗಂಟೆಗಟ್ಟಲೆ ಕೇಳುವ ಸಂದರ್ಶನ ಅದು. ತೀರ್ಮಾನ ಅದರ ಮೇಲೆ ನಿಂತಿರುತ್ತದೆ. ಈ ಎರಡು ಸಂದರ್ಶನಗಳ ನಡುವಿನ ಕಾಲವೇ ಈ ಕಥೆಯ ತಿರುಳು.

ಆ ಕಾಲದಲ್ಲಿ ದುಡಿಯುವಂತಿಲ್ಲ. ಆರು ತಿಂಗಳಾದರೂ ತೀರ್ಮಾನ ಬರದಿದ್ದರೆ ಕೆಲಸಕ್ಕೆ ಅನುಮತಿ ಸಿಗುವ ಒಂದು ರಿಯಾಯಿತಿ ಹಿಂದೆ ಇತ್ತು, ಅದನ್ನು 2002ರ ಜುಲೈನಲ್ಲಿ ತೆಗೆದುಹಾಕಿದರು. ಈಗ ಹನ್ನೆರಡು ತಿಂಗಳು ಕಾದ ಮೇಲೆ ಅನುಮತಿ ಕೇಳಬಹುದು, ಸಿಕ್ಕರೂ ಸರ್ಕಾರ ಪಟ್ಟಿ ಮಾಡಿದ ಕೆಲವೇ ಉದ್ಯೋಗಗಳಿಗೆ ಮಾತ್ರ. ಊಟ ಕೊಡುವ ಹೋಟೆಲಿನಲ್ಲಿ ಇರಿಸಿದವರಿಗೆ 2024ರಲ್ಲಿ ವಾರದ ಭತ್ಯೆ 8.86 ಪೌಂಡ್ ಇತ್ತು. ಲಂಡನ್ನಿನಲ್ಲಿ ಆಗ ಒಂದು ಸಲ ಬಸ್ ಹತ್ತಿದರೆ 1.75 ಪೌಂಡ್. ವಕೀಲರನ್ನು ಕಾಣಲು ಎರಡು ಸಲ ಹೋಗಿ ಬಂದು ಇನ್ನೊಂದು ಸಲ ಬಸ್ ಹತ್ತಿದರೆ ಆ ವಾರದ ಹಣ ಮುಗಿಯಿತು.

ಹಾಗಾದರೆ ಇಷ್ಟು ದಿನದೊಳಗೆ ತೀರ್ಮಾನ ಕೊಡಬೇಕೆಂಬ ಗಡುವು ಇರಲಿಲ್ಲವೇ? ಇತ್ತು. 2014ರ ಏಪ್ರಿಲ್‌ನಿಂದ ಬಂದ ಅರ್ಜಿಗಳಿಗೆ ಗೃಹ ಇಲಾಖೆ ಒಂದು ಸೇವಾ ಮಾನದಂಡವನ್ನು ಇಟ್ಟುಕೊಂಡಿತ್ತು: ‘ಸರಳ’ ಪ್ರಕರಣಗಳಲ್ಲಿ 98 ಶೇಕಡಾವನ್ನು ಆರು ತಿಂಗಳೊಳಗೆ ತೀರ್ಮಾನಿಸುವುದು. ಕೆಲವು ವರ್ಷ ಆ ಗುರಿಯನ್ನು ಮುಟ್ಟಿದ್ದಾಗಿಯೂ ಇಲಾಖೆ ಹೇಳಿತು. ಇಲ್ಲಿ ನಿಂತು ನೋಡಬೇಕಾದದ್ದು ‘ಸರಳ’ ಎಂಬ ಪದ. ಅರ್ಜಿದಾರ ಮಾನವ ಸಾಗಣೆಗೆ ಬಲಿಯಾಗಿರಬಹುದು ಎಂಬ ಸಂಶಯವಿದ್ದರೆ, ವಯಸ್ಸಿನ ಬಗ್ಗೆ ವಿವಾದವಿದ್ದರೆ, ಚಿತ್ರಹಿಂಸೆಯ ಗುರುತುಗಳ ಬಗ್ಗೆ ವೈದ್ಯಕೀಯ ವರದಿ ಬರಬೇಕಾಗಿದ್ದರೆ ಆ ಪ್ರಕರಣ ಸರಳವಲ್ಲ. ಸರಳವಲ್ಲದ್ದಕ್ಕೆ ಆರು ತಿಂಗಳ ಲೆಕ್ಕ ಅನ್ವಯಿಸುವುದಿಲ್ಲ. ಯಾವುದು ಸರಳ ಎಂದು ಮುದ್ರೆ ಒತ್ತುವವರು ಗಡುವಿಗೆ ಉತ್ತರ ಕೊಡಬೇಕಾದ ಇಲಾಖೆಯವರೇ. ಅತಿ ಹೆಚ್ಚು ನೊಂದವರು ಗಡುವಿನ ಹೊರಗೆ ಬಿದ್ದರು. ಇದು ಯಾರೋ ಒಬ್ಬ ಅಧಿಕಾರಿಯ ದುಷ್ಟತನದಿಂದ ಆದದ್ದಲ್ಲ. ಗುರಿಯನ್ನು ರೂಪಿಸಿದ ರೀತಿಯಲ್ಲೇ ಅದು ಅಡಗಿತ್ತು.

2019ರ ಜನವರಿಯಲ್ಲಿ ಆ ಮಾನದಂಡವನ್ನೇ ಕೈಬಿಡಲಾಯಿತು. ದುರ್ಬಲರ ಪ್ರಕರಣಗಳಿಗೆ ಆದ್ಯತೆ ಕೊಡಲು ಇದರಿಂದ ಅನುಕೂಲವಾಗುತ್ತದೆ ಎಂದು ಕಾರಣ ಹೇಳಿದರು. ಹೊಸ ಗಡುವೇನೂ ಬರಲಿಲ್ಲ. ಉಳಿದದ್ದು ವಲಸೆ ನಿಯಮಗಳ 333ಎ ಎಂಬ ಕಂಡಿಕೆ. ಸಾಧ್ಯವಾದಷ್ಟು ಬೇಗ ತೀರ್ಮಾನ ಕೊಡಬೇಕು, ಆರು ತಿಂಗಳಲ್ಲಿ ಆಗದಿದ್ದರೆ ತಡವಾಗುತ್ತಿದೆ ಎಂದು ಅರ್ಜಿದಾರರಿಗೆ ತಿಳಿಸಬೇಕು, ಇಲ್ಲವೇ ಅವರು ಕೇಳಿದಾಗ ಯಾವ ಅವಧಿಯಲ್ಲಿ ನಿರೀಕ್ಷಿಸಬಹುದೆಂದು ಹೇಳಬೇಕು ಎನ್ನುತ್ತದೆ ಅದು. ಹಾಗೆ ಹೇಳಿದ ಅವಧಿಯೊಳಗೇ ತೀರ್ಮಾನಿಸುವ ಹೊಣೆ ಮಾತ್ರ ಇಲಾಖೆಯ ಮೇಲಿಲ್ಲ ಎಂದೂ ಅದೇ ಕಂಡಿಕೆ ಸೇರಿಸುತ್ತದೆ.

ಇದನ್ನು ಓದುವಾಗ ನನಗೆ ನಮ್ಮ ಸಕಾಲ ನೆನಪಾಗುತ್ತದೆ, ಅದಕ್ಕೆ ಕಾರಣವಿದೆ. ಸರ್ಕಾರಿ ಸೇವೆಗೆ ದಿನಗಳ ಲೆಕ್ಕದಲ್ಲಿ ಮಾತು ಕೊಡಬೇಕೆಂಬ ಆಲೋಚನೆಯನ್ನು 1991ರಲ್ಲಿ ನಾಗರಿಕ ಸನ್ನದು ಎಂಬ ಹೆಸರಿನಲ್ಲಿ ಮುಂದಿಟ್ಟದ್ದು ಬ್ರಿಟನ್ನೇ, ಜಾನ್ ಮೇಜರ್ ಅವರ ಸರ್ಕಾರ. 1997ರ ಮುಖ್ಯಮಂತ್ರಿಗಳ ಸಮ್ಮೇಳನದ ನಂತರ ಅದೇ ಸನ್ನದು ಭಾರತದ ಕಚೇರಿಗಳ ಗೋಡೆ ಏರಿತು. ಗೋಡೆಯ ಫಲಕದಿಂದ ಕೆಲಸವಾಗುವುದಿಲ್ಲ ಎಂದು ಕಂಡ ಮೇಲೆ ಕರ್ನಾಟಕ 2011ರಲ್ಲಿ ಕಾಯ್ದೆ ಮಾಡಿತು. ಅರ್ಜಿಗೆ ಸ್ವೀಕೃತಿ ಸಂಖ್ಯೆ, ಸೇವೆಗೆ ನಿಗದಿತ ದಿನ, ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ಹೊಣೆಗಾರ ಅಧಿಕಾರಿಯಿಂದ ವಸೂಲಿ. ಸಕಾಲದಲ್ಲಿ ಕೊರತೆಗಳಿವೆ, 500 ರೂಪಾಯಿ ದೊಡ್ಡ ಮೊತ್ತವೂ ಅಲ್ಲ. ಆದರೂ ತಡವಾದದ್ದಕ್ಕೆ ಬೆಲೆ ತೆರಬೇಕಾದವರು ಕಚೇರಿಯವರು ಎಂಬ ತತ್ವ ಅಲ್ಲಿದೆ. ಕ್ರಾಯ್ಡನ್ನಿನಲ್ಲಿ ಬೆರಳಚ್ಚು ಕೊಟ್ಟವರ ವಿಷಯದಲ್ಲಿ ಆ ಬೆಲೆಯನ್ನು ಕಾಯುವವರೇ ತೆರುತ್ತಾರೆ.

ಬಾಕಿ ಬೆಳೆದದ್ದು ಹೇಗೆ? ಬರುವವರು ಹೆಚ್ಚಾದರು ಎಂಬುದು ಉತ್ತರದ ಅರ್ಧ ಭಾಗ. ಸಣ್ಣ ದೋಣಿಗಳಲ್ಲಿ ಬರುವವರ ಸಂಖ್ಯೆ 2021ರಿಂದ ಕಡಿದಾಗಿ ಏರಿತು, ನಿಜ. ಆದರೆ ಅದಕ್ಕೆ ಮೊದಲೇ ತೀರ್ಮಾನಗಳು ಇಳಿಯತೊಡಗಿದ್ದವು. ಅರ್ಜಿ ತೀರ್ಮಾನಿಸುವ ಸಿಬ್ಬಂದಿ ಕೆಲಸ ಕಲಿಯುವಷ್ಟರಲ್ಲಿ ಬಿಟ್ಟು ಹೋಗುತ್ತಿದ್ದರು. 2020ರಲ್ಲಿ ಕೋವಿಡ್‌ನಿಂದ ಸಂದರ್ಶನಗಳು ನಿಂತವು. 2021ರ ಜನವರಿಯಲ್ಲಿ, ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ, ಇನ್ನೊಂದು ಸುರಕ್ಷಿತ ದೇಶದ ಮೂಲಕ ಬಂದವರ ಅರ್ಜಿಯನ್ನು ಪರಿಗಣಿಸುವ ಮೊದಲು ಆ ದೇಶ ಅವರನ್ನು ವಾಪಸ್ ತೆಗೆದುಕೊಳ್ಳುತ್ತದೆಯೇ ಎಂದು ತಿಂಗಳುಗಟ್ಟಲೆ ಕಾಯುವ ನಿಯಮ ಬಂದಿತು. ವಾಪಸ್ ತೆಗೆದುಕೊಳ್ಳುವ ಒಪ್ಪಂದಗಳೇ ಇರಲಿಲ್ಲ, ಹಾಗೆ ಹೋದವರು ಬೆರಳೆಣಿಕೆಯಷ್ಟು. ಮಿಕ್ಕ ಸಾವಿರಾರು ಕಡತಗಳು ಆರು ತಿಂಗಳು ಸುಮ್ಮನೆ ಕುಳಿತು ಮತ್ತೆ ಸಾಲಿನ ಕೊನೆಗೆ ಬಂದು ಸೇರಿದವು.

ವಲಸೆ ವಿಭಾಗದ ಸ್ವತಂತ್ರ ಮುಖ್ಯ ಪರಿವೀಕ್ಷಕರ ಕಚೇರಿ 2021ರ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2020ರಲ್ಲಿ ಮೊದಲ ತೀರ್ಮಾನಕ್ಕೆ ಹಿಡಿದ ಸರಾಸರಿ ಕಾಲ 449 ದಿನ. ಹೆತ್ತವರಿಲ್ಲದೆ ಒಂಟಿಯಾಗಿ ಬಂದ ಮಕ್ಕಳಿಗೆ 550 ದಿನ. ಮಕ್ಕಳಿಗೆ ಹೆಚ್ಚು. ದುರ್ಬಲರಿಗೆ ಆದ್ಯತೆ ಕೊಡಲೆಂದು ಆರು ತಿಂಗಳ ಗಡುವನ್ನು ತೆಗೆದ ಮೇಲೆ ಬಂದ ಸಂಖ್ಯೆ ಇದು ಎಂಬುದನ್ನು ಮರೆಯಬಾರದು. 2022ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಗೃಹ ವ್ಯವಹಾರ ಸಮಿತಿಯ ಮುಂದೆ ಅಧಿಕಾರಿಗಳು ಕೊಟ್ಟ ಮಾಹಿತಿ ಇನ್ನೂ ಕಟುವಾಗಿತ್ತು. 2021ರಲ್ಲಿ ಸಣ್ಣ ದೋಣಿಗಳಲ್ಲಿ ಬಂದವರ ಅರ್ಜಿಗಳಲ್ಲಿ ಅಲ್ಲಿಯವರೆಗೆ ತೀರ್ಮಾನವಾದದ್ದು ಕೇವಲ 4 ಶೇಕಡಾ. ತೀರ್ಮಾನಿಸುವ ಒಬ್ಬ ಸಿಬ್ಬಂದಿ ವಾರಕ್ಕೆ ಸರಾಸರಿ 1.3 ಪ್ರಕರಣ ಮುಗಿಸುತ್ತಿದ್ದರು.

2022ರ ಡಿಸೆಂಬರ್ 13ರಂದು ಸುನಕ್ ಸಂಸತ್ತಿನಲ್ಲಿ ನಿಂತು ಮುಂದಿನ ವರ್ಷದ ಕೊನೆಯೊಳಗೆ ಮೊದಲ ತೀರ್ಮಾನಗಳ ಬಾಕಿಯನ್ನು ತೊಡೆದುಹಾಕುವುದಾಗಿ ಹೇಳಿದರು. ಕೇಳಿದವರಿಗೆ ಅದು ಇಡೀ ಬಾಕಿ ಎಂದೇ ಅರ್ಥವಾಯಿತು. ಕೆಲವೇ ದಿನಗಳಲ್ಲಿ ಸ್ಪಷ್ಟನೆ ಬಂತು: 2022ರ ಜೂನ್ 28ಕ್ಕಿಂತ ಮೊದಲಿನ ಅರ್ಜಿಗಳು ಮಾತ್ರ, ಸುಮಾರು 92 ಸಾವಿರ.

ಆ ದಿನಾಂಕವನ್ನು ಗಾಳಿಯಲ್ಲಿ ಹಿಡಿದದ್ದಲ್ಲ. ರಾಷ್ಟ್ರೀಯತೆ ಮತ್ತು ಗಡಿಗಳ ಕಾಯ್ದೆಯ ಆಶ್ರಯ ಸಂಬಂಧಿ ವಿಧಿಗಳು ಜಾರಿಗೆ ಬಂದ ದಿನ ಅದು. ಆದ್ದರಿಂದ ನಮ್ಮ ಮೊದಲಿಬ್ಬರ ನಡುವಿನ ಒಂದು ದಿನದ ಅಂತರ ಬರೀ ಎಣಿಕೆಯ ಅಂತರವಾಗಿ ಉಳಿಯಲಿಲ್ಲ. ಜೂನ್ 27ರವನ ಮಾತನ್ನು ಹಳೆಯ ಅಳತೆಗೋಲಿನಿಂದ ತೂಗಬೇಕು: ಅವನು ಹೇಳುವುದು ನಡೆದಿರುವ ಸಾಧ್ಯತೆ ಸಮಂಜಸವಾಗಿ ಇದ್ದರೆ ಸಾಕು. ಜೀವ ಉಳಿಸಿಕೊಂಡು ಓಡಿಬಂದವರ ಬಳಿ ಕಾಗದಪತ್ರ ಇರುವುದಿಲ್ಲ ಎಂಬ ಅರಿವಿನಿಂದ ನ್ಯಾಯಾಲಯಗಳು ದಶಕಗಳ ಕಾಲ ಉಳಿಸಿಕೊಂಡು ಬಂದ ಅಳತೆ ಅದು. ಜೂನ್ 28ರವನು ತನ್ನ ಭಯದ ಮುಖ್ಯ ಸಂಗತಿಗಳನ್ನು ಸಿವಿಲ್ ದಾವೆಯಲ್ಲಿ ಮಾಡುವಂತೆ, ನಡೆದಿಲ್ಲ ಎನ್ನುವುದಕ್ಕಿಂತ ನಡೆದಿದೆ ಎನ್ನುವುದೇ ಹೆಚ್ಚು ಸಂಭವನೀಯ ಎಂದು ತೋರಿಸಬೇಕು. ಜೊತೆಗೆ ಬಂದ ದಾರಿಯನ್ನು ನೋಡಿ ನಿರಾಶ್ರಿತರನ್ನು ಎರಡು ದರ್ಜೆಯಾಗಿ ಒಡೆಯುವ ವ್ಯವಸ್ಥೆಯೂ ಅಂದೇ ಶುರುವಾಯಿತು. ವರ್ಷ ಕಳೆದು 2023ರ ಜುಲೈನಲ್ಲಿ ಆ ಒಡಕನ್ನು ತಡೆಹಿಡಿದರು, ಬಾಕಿ ತೀರಿಸಲು ಅದು ಅಡ್ಡಿಯಾಗುತ್ತಿತ್ತು.

ಈಗ ಮೊದಲನೆಯವನ ಕಡೆಗೆ. 2023ರ ಫೆಬ್ರವರಿಯಲ್ಲಿ ಇಲಾಖೆ ಹೊಸ ದಾರಿಯೊಂದನ್ನು ತೆರೆಯಿತು. ಅಫ್ಘಾನಿಸ್ತಾನ, ಎರಿಟ್ರಿಯಾ, ಲಿಬಿಯಾ, ಸಿರಿಯಾ, ಯೆಮೆನ್ ಈ ಐದು ದೇಶಗಳವರ ಹಳೆಯ ಅರ್ಜಿಗಳಲ್ಲಿ 95 ಶೇಕಡಾಕ್ಕೂ ಹೆಚ್ಚು ಮಂಜೂರಾಗುತ್ತಿದ್ದವು. ಅವರಿಗೆ ಮುಖ್ಯ ಸಂದರ್ಶನದ ಬದಲು ಒಂದು ಪ್ರಶ್ನಾವಳಿ ಕಳಿಸಲಾಯಿತು, ಸುಮಾರು 12 ಸಾವಿರ ಜನಕ್ಕೆ. ಉತ್ತರಿಸಲು 20 ಕೆಲಸದ ದಿನ. ಇಂಗ್ಲಿಷಿನಲ್ಲೇ ತುಂಬಬೇಕು. ತುಂಬಿ ಕಳಿಸದಿದ್ದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಪರಿಗಣಿಸಬಹುದು.

ಇದರಲ್ಲಿ ಒಳ್ಳೆಯದಿತ್ತು, ಅದನ್ನು ಮನಸಾರೆ ಒಪ್ಪುತ್ತೇನೆ. ತೀರ್ಮಾನಿಸುವ ಸಿಬ್ಬಂದಿಯನ್ನು ದುಪ್ಪಟ್ಟಿಗಿಂತ ಹೆಚ್ಚಿಸಿದರು, ಸಂದರ್ಶನಗಳನ್ನು ಮೊಟಕುಗೊಳಿಸಿದರು, ಮಾರ್ಗದರ್ಶಿ ಸೂಚನೆಗಳನ್ನು ಚಿಕ್ಕದಾಗಿಸಿದರು. 2023ರಲ್ಲಿ ಆದಷ್ಟು ತೀರ್ಮಾನಗಳು ಹಿಂದಿನ ಎರಡು ದಶಕಗಳಲ್ಲಿ ಯಾವ ವರ್ಷವೂ ಆಗಿರಲಿಲ್ಲ. ಆದರೆ ಅದೇ ಯಶಸ್ಸು ಹಿಂದಿನ ವರ್ಷಗಳ ಮೇಲೆ ಬೆಳಕು ಚೆಲ್ಲುತ್ತದೆ. ನೂರಕ್ಕೆ ತೊಂಬತ್ತೈದು ಮಂದಿಗೆ ಕೊನೆಗೆ ಕೊಡುವುದು ‘ಹೌದು’ ಎಂದೇ ಗೊತ್ತಿದ್ದ ಮೇಲೆ, ಆ ಒಂದು ಪದಕ್ಕಾಗಿ ಸಿರಿಯಾದವರನ್ನು, ಎರಿಟ್ರಿಯಾದವರನ್ನು ಎರಡು ಮೂರು ವರ್ಷ ಕೆಲಸವಿಲ್ಲದ ಕೋಣೆಗಳಲ್ಲಿ ಕೂರಿಸಿದ್ದು ಏಕೆ? ಅವರ ಪ್ರಕರಣಗಳಲ್ಲಿ ಜಟಿಲವಾದದ್ದು ಏನೂ ಇರಲಿಲ್ಲ. ಕಡತವನ್ನು ತೆರೆಯುವವರು ಇರಲಿಲ್ಲ, ಅಷ್ಟೇ.

ಇನ್ನೊಂದು ಮುಖ ಕತ್ತಲಿನದು. ವರ್ಷದ ಕೊನೆಗೆ ಇಲಾಖೆ ಹೇಳಿದ 1,12,000ಕ್ಕೂ ಹೆಚ್ಚು ತೀರ್ಮಾನಗಳಲ್ಲಿ 35 ಸಾವಿರದಷ್ಟು ಅರ್ಜಿದಾರರ ಮಾತನ್ನು ಕೇಳಿ ಹೌದು ಅಥವಾ ಇಲ್ಲ ಎಂದು ಹೇಳಿದವಾಗಿರಲಿಲ್ಲ. ಅವು ಬೇರೆ ಬೇರೆ ಕಾರಣಕ್ಕೆ ಮುಚ್ಚಿದ ಕಡತಗಳು, ದೊಡ್ಡ ಪಾಲು ‘ಹಿಂತೆಗೆದುಕೊಂಡ’ ಅರ್ಜಿಗಳು. ಹಿಂತೆಗೆದುಕೊಂಡ ಎಂಬ ಮಾತು ಅರ್ಜಿದಾರರೇ ಬಂದು ಬೇಡವೆಂದರು ಎಂಬಂತೆ ಕೇಳಿಸುತ್ತದೆ. ಸಂದರ್ಶನಕ್ಕೆ ಬರದಿದ್ದರೆ, ಪ್ರಶ್ನಾವಳಿ ಮರಳದಿದ್ದರೆ, ಇಲಾಖೆಯ ಸಂಪರ್ಕ ತಪ್ಪಿದರೆ ಇಲಾಖೆಯೇ ಹಾಗೆಂದು ಬರೆದುಕೊಳ್ಳಬಹುದು. ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ಸರ್ಕಾರವೇ ಸಾಗಿಸುವ ಮನುಷ್ಯನ ಹಳೆಯ ವಿಳಾಸಕ್ಕೆ ಬಂದ ಪತ್ರ ಅವನ ಕೈ ಸೇರುತ್ತದೆಂದು ಯಾರೂ ಭರವಸೆ ಕೊಡಲಾರರು. 2023ರ ಸೆಪ್ಟೆಂಬರ್‌ವರೆಗಿನ ಒಂದು ವರ್ಷದಲ್ಲಿ ಹೀಗೆ ಹಿಂತೆಗೆದ ಅರ್ಜಿಗಳು 17,316. ಅವರೆಲ್ಲ ಈಗ ಎಲ್ಲಿದ್ದಾರೆಂದು ಗೃಹ ವ್ಯವಹಾರ ಸಮಿತಿ ನವೆಂಬರ್‌ನಲ್ಲಿ ಕೇಳಿದಾಗ, ಎಲ್ಲರೂ ಎಲ್ಲಿದ್ದಾರೆಂಬುದು ತಮಗೆ ತಿಳಿದಿಲ್ಲ ಎಂಬ ಉತ್ತರ ಇಲಾಖೆಯ ಹಿರಿಯ ಅಧಿಕಾರಿಗಳಿಂದ ಬಂತು.

ಕನ್ನಡದ ಕಚೇರಿ ಭಾಷೆಯಲ್ಲಿ ಇದಕ್ಕೊಂದು ಪದವಿದೆ, ವಿಲೇವಾರಿ. ಕಡತ ವಿಲೇವಾರಿ ಎನ್ನುತ್ತೇವೆ, ಕಸ ವಿಲೇವಾರಿ ಎಂದೂ ಎನ್ನುತ್ತೇವೆ. ತೀರ್ಮಾನ ಎಂಬ ಪದಕ್ಕೆ ಇನ್ನೊಬ್ಬರ ಮಾತನ್ನು ಕೇಳಿದ ಭಾರ ಇರುತ್ತದೆ, ವಿಲೇವಾರಿಗೆ ಮೇಜು ಖಾಲಿಯಾದರೆ ಸಾಕು. 2023ರ ಲೆಕ್ಕದಲ್ಲಿ ಎರಡನ್ನೂ ಒಂದೇ ಕಾಲಂನಲ್ಲಿ ಕೂಡಿಸಲಾಗಿತ್ತು. ಅಷ್ಟಾದರೂ ಹಳೆಯ ಬಾಕಿಯಲ್ಲಿ ‘ಸಂಕೀರ್ಣ’ ಎಂದು ಕರೆದ 4,500ರಷ್ಟು ಅರ್ಜಿಗಳು ಉಳಿದಿದ್ದವು. ಬಾಕಿ ತೀರಿತು ಎಂಬ ಘೋಷಣೆಯ ವಿರುದ್ಧ ದೂರುಗಳು ಹೋದವು. ಅಂಕಿಅಂಶ ಪ್ರಾಧಿಕಾರದ ಅಧ್ಯಕ್ಷ ಸರ್ ರಾಬರ್ಟ್ ಚೋಟ್ ಅದೇ ತಿಂಗಳು ಪತ್ರ ಬರೆದು, ಬಾಕಿ ತೀರಿದೆ ಎಂದರೆ ಸಾಮಾನ್ಯ ಜನ ಅದು ಪೂರ್ತಿ ಇಲ್ಲವಾಗಿದೆ ಎಂದೇ ತಿಳಿಯುತ್ತಾರೆ, ತಮ್ಮನ್ನು ದಾರಿ ತಪ್ಪಿಸಲಾಗಿದೆ ಎಂದು ಕೆಲವರಿಗೆ ಅನಿಸಿದರೆ ಅಚ್ಚರಿಯಿಲ್ಲ ಎಂಬರ್ಥದ ಮಾತು ಹೇಳಿದರು.

ಮೊದಲನೆಯವನಿಗೆ ಮಂಜೂರಾತಿ ಪತ್ರ 2023ರ ಬೇಸಿಗೆಯಲ್ಲಿ ಬಂದಿತೆಂದು ಇಟ್ಟುಕೊಳ್ಳೋಣ. ಸಂತೋಷದ ದಿನ. ಆ ದಿನದಿಂದಲೇ ಇನ್ನೊಂದು ಗಡಿಯಾರ ಓಡತೊಡಗುತ್ತದೆ, ಅದು ಸರ್ಕಾರದ್ದಲ್ಲ, ಅವನದ್ದು. ನಿರಾಶ್ರಿತನೆಂದು ಮಾನ್ಯನಾದವನು ಆಗ 28 ದಿನಗಳಲ್ಲಿ ಹೋಟೆಲ್ ಬಿಡಬೇಕಿತ್ತು. ಅಷ್ಟರಲ್ಲಿ ಬ್ಯಾಂಕ್ ಖಾತೆ, ಕೆಲಸ, ಮುಂಗಡಕ್ಕೆ ಹಣ, ಬಾಡಿಗೆ ಮನೆ. ಕೆಲಸ ಮಾಡಲು ಬಿಡದೆ ಕೂರಿಸಿದ್ದವನ ಬಳಿ ಮುಂಗಡದ ಹಣ ಎಲ್ಲಿಂದ ಬರಬೇಕು? ಆ ಆಗಸ್ಟ್‌ನಲ್ಲಿ 28 ದಿನ ಎಣಿಸುವ ಕ್ರಮವನ್ನೇ ಬದಲಾಯಿಸಿ, ನಿವಾಸ ಪತ್ರ ಕೈಗೆ ಸಿಗುವ ಮೊದಲೇ ದಿನಗಳು ಓಡುವಂತೆ ಮಾಡಿದರು. ಕೆಲವರಿಗೆ ಹೊರಡಲು ಏಳೇ ದಿನದ ನೋಟಿಸ್ ಸಿಕ್ಕಿತು. ತೀರ್ಮಾನಗಳು ಸಾವಿರಗಟ್ಟಲೆ ಹೊರಬರುತ್ತಿದ್ದ ತಿಂಗಳುಗಳವು. ಆ ಚಳಿಗಾಲದಲ್ಲಿ ಬ್ರಿಟನ್ನಿನ ನಗರಸಭೆಗಳ ಬಾಗಿಲಿಗೆ ಮನೆಯಿಲ್ಲವೆಂದು ಬಂದ ನಿರಾಶ್ರಿತರ ಸಂಖ್ಯೆ ಹಿಂದೆಂದೂ ಕಾಣದಷ್ಟು ಏರಿತು. ಅಂದರೆ ಕ್ರಾಯ್ಡನ್ನಿನ ಮೇಜಿನ ಮೇಲಿದ್ದ ಬಾಕಿ ನಗರಸಭೆಯ ಮೇಜಿಗೆ, ಅಲ್ಲಿಂದ ರಸ್ತೆಯ ಬದಿಗೆ ಜರುಗಿತು. ಗೃಹ ಇಲಾಖೆಯ ಗುರಿಯ ಪಟ್ಟಿಯಲ್ಲಿ ರಸ್ತೆ ಬದಿಗೆ ಕಾಲಂ ಇರಲಿಲ್ಲ. ಸರ್ಕಾರ ಬದಲಾದ ಮೇಲೆ, 2024ರ ಡಿಸೆಂಬರ್‌ನಿಂದ, ಪ್ರಯೋಗಾರ್ಥವಾಗಿ ಇದನ್ನು 56 ದಿನಕ್ಕೆ ಏರಿಸಿದರು. ಸರಿಯಾದ ಕ್ರಮ ಅದು, ಒಂದು ವರ್ಷ ತಡವಾಗಿ ಬಂದದ್ದು.

ಹಳೆಯ ಬಾಕಿ ಎಂಬ ಇದೇ ಪದವನ್ನು ಇಲಾಖೆ ಬಳಸಿದ್ದು ಇದೇ ಮೊದಲಲ್ಲ. 2006ರಲ್ಲಿ ಗೃಹ ಸಚಿವ ಜಾನ್ ರೀಡ್ ನಾಲ್ಕರಿಂದ ನಾಲ್ಕೂವರೆ ಲಕ್ಷ ಹಳೆಯ ಆಶ್ರಯ ಕಡತಗಳು ಸಿಕ್ಕಿವೆ, ಐದು ವರ್ಷಗಳಲ್ಲಿ ಮುಗಿಸುತ್ತೇವೆ ಎಂದರು. 2011ರಲ್ಲಿ ಮುಗಿಯಿತು ಎಂದರು. ಅರ್ಜಿದಾರರು ಪತ್ತೆಯಾಗದ ಕಡತಗಳನ್ನು ‘ನಿಯಂತ್ರಿತ ಪತ್ರಾಗಾರ’ ಎಂಬ ಹೆಸರಿನಡಿ ಹಾಕಲಾಗಿತ್ತು, ಆ ವರ್ಷ ಅಲ್ಲಿದ್ದವು 1,24,000. ಸಂಸತ್ತಿನ ಸಮಿತಿ ಅದನ್ನು ಕಡತಗಳ ತಿಪ್ಪೆಯೆಂದೇ ಬಗೆಯಿತು. 2012ರಲ್ಲಿ ಮುಖ್ಯ ಪರಿವೀಕ್ಷಕ ಜಾನ್ ವೈನ್ ಪರಿಶೀಲನೆಗೆ ಹೋದಾಗ ಕಂಡದ್ದು ಇನ್ನೊಂದು. ಲಿವರ್‌ಪೂಲಿನ ಒಂದು ಕೋಣೆಯಲ್ಲಿ, ಒಂದು ಹಂತದಲ್ಲಿ, 150ಕ್ಕೂ ಹೆಚ್ಚು ಪೆಟ್ಟಿಗೆ ತುಂಬ ಒಡೆಯದ ಟಪಾಲು ಬಿದ್ದಿತ್ತು. ಅರ್ಜಿದಾರರ ಪತ್ರಗಳು, ವಕೀಲರ ಪತ್ರಗಳು, ಸಂಸತ್ ಸದಸ್ಯರ ಪತ್ರಗಳು. ಪತ್ತೆಯಾಗದವರು ಎಂದು ಪತ್ರಾಗಾರಕ್ಕೆ ಹೋದವರಲ್ಲಿ ಎಷ್ಟು ಜನ ಆ ಪೆಟ್ಟಿಗೆಗಳೊಳಗಿಂದ ತಮ್ಮ ವಿಳಾಸ ಹೇಳುತ್ತಿದ್ದರೋ. ಈ ಪ್ರಕರಣವನ್ನು ಓದುವಾಗ ನನ್ನ ಮನಸ್ಸಿನಿಂದ ಹೋಗದ ಚಿತ್ರ ಆ ಕೋಣೆಯದು.

ಎರಡನೆಯವನನ್ನು ಬಹಳ ಹೊತ್ತು ಬಿಟ್ಟಿದ್ದೇವೆ. ಇಲಾಖೆಯೂ ಹಾಗೆಯೇ ಬಿಟ್ಟಿತ್ತು. 2023ರ ಉದ್ದಕ್ಕೂ ಸಿಬ್ಬಂದಿಯೆಲ್ಲ ಗೆರೆಗಿಂತ ಹಿಂದಿನ ಕಡತಗಳ ಮೇಲೆ ಬಿದ್ದಿದ್ದಾಗ, ಒಂದು ದಿನ ತಡವಾಗಿ ಅರ್ಜಿ ಹಾಕಿದವನ ಕಡತ ಬೆಳೆಯುತ್ತಿದ್ದ ಹೊಸ ರಾಶಿಯ ಅಡಿಯಲ್ಲಿತ್ತು. 2023ರ ಜೂನ್ ಕೊನೆಗೆ ಮೊದಲ ತೀರ್ಮಾನಕ್ಕೆ ಕಾದವರು 1,75,457 ಜನ. ಅಲ್ಲಿಯವರೆಗಿನ ದಾಖಲೆ ಅದು, ಬಾಕಿ ತೊಡೆಯುವ ಮಾತು ಕೊಟ್ಟ ಆರು ತಿಂಗಳ ಮೇಲೆ. ಸೆಪ್ಟೆಂಬರ್ ಕೊನೆಗೆ ಹೋಟೆಲುಗಳಲ್ಲಿದ್ದವರು 56,042. ಖರ್ಚು ದಿನಕ್ಕೆ 80 ಲಕ್ಷ ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 80 ಕೋಟಿ ರೂಪಾಯಿ. ಆ ಹಣ ಹೋಟೆಲಿನಲ್ಲಿ ಕೂತವನ ಕೈಗೆ ಹೋಗುವುದಿಲ್ಲ, ಅವನಿಗೆ ವಾರಕ್ಕೆ ಒಂಬತ್ತು ಪೌಂಡಿನ ಆಸುಪಾಸು. ಆದರೆ ಊರಿನವರ ಸಿಟ್ಟು ಬಂದು ತಟ್ಟಿದ್ದು ಅವನ ಕಿಟಕಿಗೆ. 2024ರ ಆಗಸ್ಟ್‌ನಲ್ಲಿ ರೊದರಮ್ ಮತ್ತು ಟ್ಯಾಮ್‌ವರ್ತ್‌ನಲ್ಲಿ ಆಶ್ರಯಾರ್ಥಿಗಳಿದ್ದ ಹೋಟೆಲುಗಳ ಮೇಲೆ ಗುಂಪುಗಳು ದಾಳಿ ಮಾಡಿ ಬೆಂಕಿ ಹಚ್ಚಿದವು. ಒಳಗೆ ಇದ್ದವರಲ್ಲಿ ಯಾರೂ ಅಲ್ಲಿ ಅಷ್ಟು ಕಾಲ ಇರುತ್ತೇವೆಂದು ಕೇಳಿಕೊಂಡವರಲ್ಲ.

ಮೂರನೆಯವನದು ಇನ್ನೂ ವಿಚಿತ್ರ ಸ್ಥಿತಿ. 2023ರ ಜುಲೈ 20ರಂದು ಕಾಯ್ದೆಯಾದ ಅಕ್ರಮ ವಲಸೆ ಕಾಯ್ದೆ, ಅವನಂತೆ ದೋಣಿಯಲ್ಲಿ ಬಂದವರಿಗೆ ದೇಶದಲ್ಲಿರಲು ಅನುಮತಿ ಕೊಡುವುದನ್ನೇ ನಿಷೇಧಿಸಿತು. ಅವರನ್ನು ರುವಾಂಡಾಕ್ಕೆ ಕಳಿಸುವುದು ಯೋಜನೆ. ನವೆಂಬರ್ 15ರಂದು ಸುಪ್ರೀಂ ಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು, ಯೋಜನೆ ರದ್ದಾಗುವವರೆಗೆ ಅಲ್ಲಿಗೆ ಹೋದವರು ಸ್ವಇಚ್ಛೆಯಿಂದ ಹೊರಟ ನಾಲ್ವರು. ಕಳಿಸಲಾಗದ, ಉಳಿಸಿಕೊಳ್ಳಲೂ ಆಗದ ಸಾವಿರಾರು ಜನರ ಕಡತಗಳು ಹೆಪ್ಪುಗಟ್ಟಿದವು. ಇಲ್ಲಿ ತಡ ಎಂಬ ಪದ ಕೂಡ ಹೊಂದುವುದಿಲ್ಲ. ತಡವಾಗುವುದಕ್ಕೆ ಎಂದಾದರೂ ಆಗುವ ಕೆಲಸವೊಂದು ಇರಬೇಕು. ಒಂದು ಬಾಕಿ ತೀರಿಸಿದೆವೆಂದು ಸಾರಿದ ಸರ್ಕಾರ ಅದೇ ವರ್ಷ ತೀರಿಸಲು ಸಾಧ್ಯವೇ ಇಲ್ಲದ ಬಾಕಿಯನ್ನು ಕಾನೂನಿನ ಮೂಲಕ ಕಟ್ಟಿ ನಿಲ್ಲಿಸಿತು.

2024ರ ಜುಲೈನಲ್ಲಿ ಹೊಸ ಗೃಹ ಸಚಿವೆ ಇವೆಟ್ ಕೂಪರ್ ಆ ಅರ್ಜಿಗಳ ಪರಿಶೀಲನೆ ಮತ್ತೆ ಶುರುವಾಗುವಂತೆ ನಿಯಮ ತಂದರು. ಸಂಖ್ಯೆಗಳು ಇಳಿದವು. 2025ರ ಜೂನ್ ಕೊನೆಗೆ ಮೊದಲ ತೀರ್ಮಾನಕ್ಕೆ ಕಾದವರು ಸುಮಾರು 91 ಸಾವಿರ, ಎರಡು ವರ್ಷದ ಹಿಂದಿನ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಮಂಜೂರಾತಿಯ ಪ್ರಮಾಣವೂ ಇಳಿದಿತ್ತು: 2023ರಲ್ಲಿ ನೂರಕ್ಕೆ 67, 2024ರಲ್ಲಿ 47. ಅಫ್ಘಾನರ ವಿಷಯದಲ್ಲಿ ಕುಸಿತ ಇನ್ನೂ ಕಡಿದು. 2023ರಲ್ಲಿ ಬಹುತೇಕ ಎಲ್ಲರಿಗೂ ಹೌದು ಎನ್ನುತ್ತಿದ್ದ ಇಲಾಖೆ 2025ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇಲ್ಲ ಎನ್ನತೊಡಗಿತ್ತು. ಕಾಬೂಲಿನಲ್ಲಿ ಆಳುತ್ತಿದ್ದವರು ಬದಲಾಗಿರಲಿಲ್ಲ. ಬದಲಾದದ್ದರಲ್ಲಿ ಒಂದು, ಜೂನ್ 28ರ ಆ ಹೊಸ ಅಳತೆಗೋಲು. ಹಳೆಯ ಬಾಕಿ ಮುಗಿದ ಮೇಲೆ ಮೇಜಿಗೆ ಬಂದ ಅರ್ಜಿಗಳೆಲ್ಲ ಅದರ ಕೆಳಗೇ ಬರುತ್ತಿದ್ದವು.

ಇಲ್ಲ ಎಂದರೆ ಮೇಲ್ಮನವಿ. ಮೊದಲ ತೀರ್ಮಾನದ ಬಾಕಿಯಿಂದ ಮೂರನೆಯವನ ಹೆಸರು ಹೋಗುತ್ತದೆ, ನ್ಯಾಯಮಂಡಳಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅವನು ಇರುವ ಕೋಣೆ, ಮಲಗುವ ಮಂಚ, ಕೈಗೆ ಸಿಗುವ ಭತ್ಯೆ ಯಾವುದೂ ಬದಲಾಗಿರುವುದಿಲ್ಲ. 2024ರ ಡಿಸೆಂಬರ್ ಕೊನೆಗೆ ಆಶ್ರಯಕ್ಕೆ ಸಂಬಂಧಿಸಿದ 41,987 ಮೇಲ್ಮನವಿಗಳು ಬಾಕಿ ಇದ್ದವು, ಮೂರೇ ತಿಂಗಳಲ್ಲಿ ಅವು 50 ಸಾವಿರ ದಾಟಿದವು. ಇತ್ತೀಚಿನ ವರ್ಷಗಳಲ್ಲಿ ವಿಚಾರಣೆಗೆ ಬಂದ ಇಂಥ ಮೇಲ್ಮನವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗೆದ್ದವರು ಅರ್ಜಿದಾರರು. ಅವಸರದಲ್ಲಿ ಬರೆದ ನಿರಾಕರಣೆ ನ್ಯಾಯಮಂಡಳಿಯಲ್ಲಿ ಬಿದ್ದರೆ ಅದು ಯಾರ ಸಮಯವನ್ನೂ ಉಳಿಸಿದಂತಾಗುವುದಿಲ್ಲ. ಒಂದೇ ಕೆಲಸವನ್ನು ಎರಡು ಸಲ ಮಾಡಿದಂತಾಗುತ್ತದೆ.

ಸೇವಾ ಮಾನದಂಡ ಬೇಡವೆಂದು ಇದರಿಂದ ನಾನು ತೀರ್ಮಾನಿಸುವುದಿಲ್ಲ. ಬೇಕು, ಇದಕ್ಕಿಂತ ಗಟ್ಟಿಯಾದದ್ದು ಬೇಕು. ಬಂದು ಹೆಸರು ಕೊಟ್ಟ ದಿನದಿಂದ ಮೇಲ್ಮನವಿ ಸೇರಿ ಕೊನೆಯ ಉತ್ತರ ಸಿಗುವ ದಿನದವರೆಗೆ ಒಬ್ಬ ಮನುಷ್ಯ ಕಾಯುವ ಇಡೀ ಕಾಲವನ್ನು ಅದು ಅಳೆಯಬೇಕು. ಜಟಿಲ ಎಂಬ ಮುದ್ರೆ ಬಿದ್ದಾಗ ಎಣಿಕೆ ನಿಲ್ಲಬಾರದು, ಚಿತ್ರಹಿಂಸೆ ಅನುಭವಿಸಿದವರ ಎಣಿಕೆಯಂತೂ ನಿಲ್ಲಲೇಬಾರದು. ಸಂಪರ್ಕ ತಪ್ಪಿದ ಕಡತವನ್ನು ಮುಗಿದ ಕೆಲಸದ ಲೆಕ್ಕಕ್ಕೆ ಸೇರಿಸಬಾರದು. ಆರು ತಿಂಗಳು ಮೀರಿದರೆ ದುಡಿಯುವ ಹಕ್ಕು ಅರ್ಜಿ ಹಾಕದೆಯೇ ಸಿಗುವಂತಿರಬೇಕು, 2002ರವರೆಗೆ ಇದ್ದದ್ದಕ್ಕಿಂತ ಒಂದು ಹೆಜ್ಜೆ ಮುಂದೆ. ಆಗ ಮಾತ್ರ ತಡವಾಗುವುದರಿಂದ ಇಲಾಖೆಗೂ ಏನಾದರೂ ವ್ಯತ್ಯಾಸವಾಗುತ್ತದೆ. ಇದಕ್ಕೆ ಹಣ ಎಲ್ಲಿದೆ ಎಂದು ಕೇಳುವವರಿಗೆ 2023ರಲ್ಲಿ ದಿನಕ್ಕೆ 80 ಲಕ್ಷ ಪೌಂಡಿನಂತೆ ತೆತ್ತ ಹೋಟೆಲ್ ಬಿಲ್ಲನ್ನು ತೋರಿಸಬಹುದು.

2025ರಲ್ಲಿ ಹೊಸ ಗಡುವೊಂದು ಬಂದಿದೆ. ಸರ್ಕಾರದ ವಸತಿಯಲ್ಲಿರುವ ಆಶ್ರಯಾರ್ಥಿಗಳ ಮೇಲ್ಮನವಿಯನ್ನು 24 ವಾರಗಳಲ್ಲಿ ಮುಗಿಸಬೇಕೆಂದು ಗಡಿ ಭದ್ರತೆ, ಆಶ್ರಯ ಮತ್ತು ವಲಸೆ ಮಸೂದೆಯಲ್ಲಿ ಸೇರಿಸಿದರು, ಕಾರ್ಯಸಾಧ್ಯವಲ್ಲದ ಸಂದರ್ಭಗಳನ್ನು ಬಿಟ್ಟು ಎಂಬ ಮಾತಿನೊಂದಿಗೆ. ಆ 24 ವಾರಗಳ ಎಣಿಕೆ ಶುರುವಾಗುವುದು ಮೇಲ್ಮನವಿ ದಾಖಲಾದ ದಿನದಿಂದ. 2023ರ ಆಗಸ್ಟ್‌ನಲ್ಲಿ ದೋಣಿಯಿಂದ ಇಳಿದವನಿಗೆ ಆ ದಿನ ಬರುವ ಹೊತ್ತಿಗೆ ಎರಡನೆಯ ವರ್ಷ ಮುಗಿಯುತ್ತ ಬಂದಿರುತ್ತದೆ.